ಕಪ್ಪಾದದ್ದು ಬ್ಯಾಗಿಗೆ, ಬಿಳಿಯದು ಅಲ್ಲಿನ ಅಂಗಡಿಯಲ್ಲಿ: ಹೊರದೇಶದಲ್ಲಿ ಕೊಡಗಿನ ಹಬ್ಬ ಮಾಡುವವರಿಗೆ

ಆಗಸ್ಟ್ 3ಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡುವ ಕಕ್ಕಡ ಪದಿನೆಟ್ಟ್. ಸೆಪ್ಟೆಂಬರ್ 3ರ ಹೊತ್ತಿಗೆ ಆಯುಧ ಪೂಜೆಯ ಕೈಲ್ ಮುಹೂರ್ತ. ಅಕ್ಟೋಬರ್ 17ರ ಆಸುಪಾಸಿಗೆ ಕಾವೇರಿ ಸಂಕ್ರಮಣ. ನವೆಂಬರ್ ಕೊನೆಗೋ ಡಿಸೆಂಬರ್‌ಗೋ ಸುಗ್ಗಿ ಹಬ್ಬ ಹುತ್ತರಿ. ಮಳೆಗಾಲ ಹಿಡಿಯಿತೆಂದರೆ ನಮ್ಮ ಹಬ್ಬಗಳು ಒಂದರ ಹಿಂದೊಂದು ಬರುತ್ತವೆ, ಅವುಗಳ ಜೊತೆಗೇ ಹೊರದೇಶದಲ್ಲಿರುವ ಮಕ್ಕಳ ಫೋನೂ ಬರುತ್ತದೆ. "ಚಿಕ್ಕಮ್ಮ, ಈ ಸಲ ಬರುವವರ ಕೈಲಿ ಏನು ಕಳಿಸ್ತೀರಿ?" ವಿರಾಜಪೇಟೆ, ಗೋಣಿಕೊಪ್ಪ, ಮಡಿಕೇರಿಯ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಒಬ್ಬರು ದುಬೈ, ಒಬ್ಬರು ನ್ಯೂಜೆರ್ಸಿ, ಇನ್ನೊಬ್ಬರು ಮೆಲ್ಬೋರ್ನ್.

ಕಳಿಸುವ ನಮಗೂ ಒಯ್ಯುವ ಅವರಿಗೂ ಸಾಮಾನ್ಯವಾಗಿ ಉಳಿದಿರುವುದು ಐದಾರು ಕಿಲೋ ಲಗೇಜು, ಆದರೆ ಆಸೆ ಐವತ್ತು ಕಿಲೋದಷ್ಟು. ಈ ಲೆಕ್ಕಕ್ಕೆ ನಾನು ಒಂದು ಸೂತ್ರ ಇಟ್ಟುಕೊಂಡಿದ್ದೇನೆ. ಕಪ್ಪಾದದ್ದೆಲ್ಲ ಬ್ಯಾಗಿಗೆ ಹೋಗಲಿ: ಕಾಚಂಪುಳಿ, ಕರಿಮೆಣಸು, ಕಪ್ಪಗೆ ಹುರಿದ ಮಸಾಲೆ ಪುಡಿ, ಕಾಫಿ ಪುಡಿ. ಬಿಳಿಯದೆಲ್ಲ ಅಲ್ಲಿನ ಅಂಗಡಿಯಲ್ಲೇ ಕೊಳ್ಳಲಿ: ಅಕ್ಕಿ, ತರಿ, ತೆಂಗಿನಕಾಯಿ, ಕೊಬ್ಬಿರುವ ಹಂದಿ ಮಾಂಸ. ಕಪ್ಪು ಸಾಮಾನು ಹಗುರ, ಕೆಡುವುದಿಲ್ಲ, ಕೊಡಗಿನ ರುಚಿ ಇರುವುದೂ ಅದರಲ್ಲೇ. ಬಿಳಿ ಸಾಮಾನು ಭಾರ, ಹುಳು ಹಿಡಿಯುತ್ತದೆ, ಮೇಲಾಗಿ ಹಲವು ದೇಶಗಳ ಗಡಿಯಲ್ಲಿ ತೆಗೆದು ಎಸೆಯುತ್ತಾರೆ.

ಕಾಚಂಪುಳಿ: ಒಯ್ಯುವುದೋ, ಅಲ್ಲೇ ಬೇರೆ ಹುಳಿ ಹುಡುಕುವುದೋ

ಒಂದೇ ವಸ್ತು ಒಯ್ಯಲು ಜಾಗವಿದ್ದರೆ ಅದು ಕಾಚಂಪುಳಿಯೇ ಆಗಿರಲಿ. ಮಳೆಗಾಲದಲ್ಲಿ ಹಣ್ಣಾಗಿ ಉದುರುವ ಪಣಂಪುಳಿಯನ್ನು (ಮಲೆನಾಡಿನ ಉಪ್ಪಾಗೆ ಇದೇ) ಬುಟ್ಟಿಯಲ್ಲಿ ಪೇರಿಸಿಟ್ಟು, ಕೊಳೆಯುತ್ತಾ ಇಳಿದ ರಸವನ್ನು ಪಾತ್ರೆಗೆ ಹಿಡಿದು, ಸೌದೆ ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸಿ ಇಂಗಿಸಿದರೆ ಕಪ್ಪು ಪಾಕದಂಥ ಹುಳಿ ಸಿಗುತ್ತದೆ. ಜುಲೈ, ಆಗಸ್ಟ್ ಹೊತ್ತಿಗೆ ಹೊಸದು ಬರುವುದರಿಂದ ಕೈಲ್ ಮುಹೂರ್ತಕ್ಕೆ ಹೊರಡುವವರಿಗೆ ಒಳ್ಳೆಯದೇ ದಕ್ಕುತ್ತದೆ. ವರ್ಷಗಟ್ಟಲೆ ಇಟ್ಟರೂ ಏನೂ ಆಗುವುದಿಲ್ಲ, ಫ್ರಿಜ್ಜೂ ಬೇಡ.

ಪ್ರವಾಸಿಗರಿಗೆಂದು ರಸ್ತೆ ಬದಿಯಲ್ಲಿ ಮಾರುವ ಬಾಟಲಿಗಳಲ್ಲಿ ಬಣ್ಣ ಹಾಕಿದ ವಿನೆಗರ್ ಕೂಡ ಇರುತ್ತದೆ. ಮುಚ್ಚಳ ತೆಗೆದು ಮೂಸಿ ನೋಡಿ. ವಿನೆಗರ್ ಮೂಗಿಗೆ ಚುರುಕ್ ಎನ್ನುತ್ತದೆ. ಅಸಲಿಗೆ ಹಣ್ಣಿನ ವಾಸನೆ, ಹಿಂದಿನಿಂದ ಸ್ವಲ್ಪ ಹೊಗೆಯ ವಾಸನೆ. ಒಂದು ತೊಟ್ಟನ್ನು ಬಿಳಿ ತಟ್ಟೆಗೆ ಬಿಟ್ಟು ತಟ್ಟೆ ಓರೆ ಮಾಡಿದರೆ ನೀರಿನಂತೆ ಓಡದೆ ಕಾಲೆಳೆದುಕೊಂಡು ಇಳಿಯಬೇಕು, ಹಿಂದೆ ಕಂದು ಗೆರೆ ಬಿಡಬೇಕು. ಗಟ್ಟಿ ಕಾಚಂಪುಳಿಯಾದರೆ ಒಂದು ಕಿಲೋ ಮಾಂಸಕ್ಕೆ ಒಂದೂವರೆ ದೊಡ್ಡ ಚಮಚ ಸಾಕು. ಆ ಲೆಕ್ಕದಲ್ಲಿ 250 ಎಂಎಲ್ ಬಾಟಲಿ ಹತ್ತು ಕಿಲೋ ಪಂದಿ ಕರಿ (ಹಂದಿ ಮಾಂಸದ ಕರಿ) ದಾಟಿಸುತ್ತದೆ. ಲೀಟರ್‌ಗಟ್ಟಲೆ ಹೊರುವ ಅಗತ್ಯವಿಲ್ಲ.

ತುಂಬುವ ರೀತಿಗೆ ಸ್ವಲ್ಪ ಗಮನ ಕೊಡಿ. ಗಾಜಿಗಿಂತ ದಪ್ಪ ಪ್ಲಾಸ್ಟಿಕ್ ಬಾಟಲಿ ಒಳ್ಳೆಯದು. ಕಂಠದವರೆಗೆ ತುಂಬದೆ ಎರಡು ಬೆರಳು ಖಾಲಿ ಬಿಟ್ಟು, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ತಿರುಗಿಸಿ, ಮೇಲೆ ಟೇಪ್ ಸುತ್ತಿ, ಒಂದರೊಳಗೊಂದು ಎರಡು ಜಿಪ್ ಕವರಿಗೆ ಹಾಕಿ. ಇದು ಚೆಕ್-ಇನ್ ಬ್ಯಾಗಿಗೇ ಹೋಗಬೇಕು, ಕೈಚೀಲದಲ್ಲಿ 100 ಎಂಎಲ್ ಮೇಲಿನ ದ್ರವ ಬಿಡುವುದಿಲ್ಲ. ಬಿಳಿ ಅಂಗಿ, ರೇಷ್ಮೆ ಸೀರೆಗಳ ಪಕ್ಕ ಇಡಬೇಡಿ, ಅದರ ಕಲೆ ಹೋಗುವುದಿಲ್ಲ.

ಒಯ್ಯಲು ಆಗಲೇ ಇಲ್ಲ ಎನ್ನುವವರಿಗೆ ಬದಲಿ ಹುಳಿಗಳಿವೆ. ನನ್ನ ಕ್ರಮಾಂಕ ಹೀಗೆ. ಮೊದಲ ಸ್ಥಾನ ಕೇರಳದ ಅಂಗಡಿಯಲ್ಲಿ ಸಿಗುವ ಕುಡಂಪುಳಿಗೆ. ಅದು ಇದೇ ಮರದ ಹಣ್ಣಿನ ಸಿಪ್ಪೆ, ಹೊಗೆಯಲ್ಲಿ ಒಣಗಿಸಿದ್ದು. ಒಂದು ಕಿಲೋ ಮಾಂಸಕ್ಕೆ ನಾಲ್ಕೈದು ತುಂಡನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರನ್ನು ಕುದಿಸಿ ಕಾಲು ಭಾಗಕ್ಕೆ ಇಳಿಸಿದರೆ ಮುಕ್ಕಾಲು ಪಾಲು ಅದೇ ರುಚಿ. ಹೊರದೇಶದ ಕೊಡಗಿನವರಲ್ಲಿ ಬಾಲ್ಸಾಮಿಕ್ ವಿನೆಗರ್ ಹಾಕುವವರು ಬಹಳ ಮಂದಿ. ಬಣ್ಣ ಬರುತ್ತದೆ, ಆದರೆ ಜೊತೆಗೆ ಸಿಹಿಯೂ ಬರುತ್ತದೆ, ಹಾಗಾಗಿ ಅರ್ಧಕ್ಕರ್ಧ ಸಾದಾ ವಿನೆಗರ್ ಬೆರೆಸಿ ಹಾಕುವುದು ಮೇಲು. ಪುನರ್ಪುಳಿ ಮೀನಿನ ಸಾರಿಗೆ ಪರವಾಗಿಲ್ಲ, ಹಂದಿಗೆ ಅಲ್ಲ. ಹುಣಸೆಹಣ್ಣು ಹಾಕಿದರೆ ಅದು ಒಳ್ಳೆಯ ಬೇರೆ ಸಾರು, ಪಂದಿ ಕರಿ ಅಲ್ಲ. ನಿಂಬೆಹುಳಿಯ ಮಾತೇ ಬೇಡ.

ಅಕ್ಕಿ ತರಿ ಹೊತ್ತುಕೊಂಡು ಹೋಗಬೇಡಿ

ತಾಯಂದಿರು ತಪ್ಪದೆ ಕಟ್ಟಿಕೊಡುವುದು ಕಡಂಬುಟ್ಟಿನ (ಹಬೆಯಲ್ಲಿ ಬೇಯಿಸುವ ಅಕ್ಕಿ ಉಂಡೆಯ) ತರಿ. ಮನೆ ಗದ್ದೆಯ ಅಕ್ಕಿ ತೊಳೆದು, ನೆರಳಲ್ಲಿ ಆರಿಸಿ, ಮಿಲ್ಲಿನಲ್ಲಿ ಒಡೆಸಿ, ಜರಡಿ ಹಿಡಿದು ಮೂರು ಕಿಲೋ ಪ್ಯಾಕ್ ಮಾಡಿರುತ್ತಾರೆ. ಪ್ರೀತಿ ಸರಿ. ಆದರೆ ಖಾಪ್ರಾ ಎಂಬ, ದಾಸ್ತಾನು ಕಾಳನ್ನು ಹಾಳು ಮಾಡುವ ಸಣ್ಣ ದುಂಬಿಯ ಭಯದಿಂದ ಅಮೆರಿಕವು ಭಾರತದಿಂದ ಪ್ರಯಾಣಿಕರ ಲಗೇಜಿನಲ್ಲಿ ಬರುವ ಅಕ್ಕಿಯನ್ನು ಬಿಡುವುದಿಲ್ಲ. ಆಸ್ಟ್ರೇಲಿಯಾ 2020ರಿಂದ ಇನ್ನೂ ಬಿಗಿ. ಅಕ್ಕಿ ಮಾತ್ರವಲ್ಲ, ಕೊತ್ತಂಬರಿ ಬೀಜ, ಜೀರಿಗೆ, ಒಣಮೆಣಸು, ಕಡಲೆ, ತೊಗರಿ ಎಲ್ಲವೂ ಪ್ರಯಾಣಿಕರ ಚೀಲದಲ್ಲೂ ಅಂಚೆಯಲ್ಲೂ ಬರಬಾರದ ಪಟ್ಟಿಯಲ್ಲಿವೆ. ತಿನ್ನುವ ವಸ್ತು ಯಾವುದೇ ಇರಲಿ, ಇಳಿಯುವ ಮೊದಲು ಕೊಡುವ ಕಾರ್ಡಿನಲ್ಲಿ "ಇದೆ" ಎಂದೇ ಬರೆಯಿರಿ. ಬರೆದು ತೋರಿಸಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ, ಆಸ್ಟ್ರೇಲಿಯಾದಲ್ಲಿ ತಾತ್ಕಾಲಿಕ ವೀಸಾದವರಿಗೆ ವೀಸಾಕ್ಕೇ ಕುತ್ತು.

ಹಾಗಾದರೆ ಅಲ್ಲಿ ಯಾವ ಅಕ್ಕಿ? ಭಾರತೀಯ ಅಂಗಡಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಇಡ್ಲಿ ರವೆ. ಬಿಟ್ಟು ಮುಂದೆ ಹೋಗಿ. ಅದು ಕುಚ್ಚಲಕ್ಕಿಯದು, ಉಂಡೆ ಒರಟಾಗುತ್ತದೆ, ಆರಿದ ಮೇಲೆ ಕಲ್ಲು. ಆಂಧ್ರದವರು ಉಪ್ಪಿಟ್ಟಿಗೆ ಬಳಸುವ ಬೆಳ್ತಿಗೆ ಅಕ್ಕಿಯ ರವೆ ಸಿಕ್ಕಿದರೆ ಒಳ್ಳೆಯದು, ಒಂದು ಲೋಟಕ್ಕೆ ಎರಡೂವರೆ ಲೋಟ ನೀರು. ಅದಿಲ್ಲದಿದ್ದರೆ ಸೋನಾ ಮಸೂರಿ ತೊಳೆದು, ಬಟ್ಟೆಯ ಮೇಲೆ ಹರಡಿ ಆರಿಸಿ, ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಹಿಟ್ಟನ್ನು ಜರಡಿಯಲ್ಲಿ ಬೇರೆ ಮಾಡಿಟ್ಟರೆ ಅದು ಅಕ್ಕಿ ಒಟ್ಟಿಗೆ (ಅಕ್ಕಿ ರೊಟ್ಟಿಗೆ) ಆಯಿತು.

ಇವೆಲ್ಲಕ್ಕಿಂತ ನನ್ನ ಮತ ಬೀಳುವುದು ವಿಯೆಟ್ನಾಂ ಅಂಗಡಿಯ ನುಚ್ಚಕ್ಕಿಗೆ. ಅವರು ಅನ್ನಕ್ಕೇ ಬಳಸುವ ಒಡೆದ ಮಲ್ಲಿಗೆ ಅಕ್ಕಿ, ಬೆಲೆ ಅಗ್ಗ, ಮೆಲ್ಬೋರ್ನ್, ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಕಡೆ ಧಾರಾಳ. ಮಿಕ್ಸಿಯಲ್ಲಿ ಒಂದೇ ಸುತ್ತು ಹಾಕಿದರೆ ಸರಿಯಾದ ತರಿ. ಸ್ವಲ್ಪ ಅಂಟಿನ ಅಕ್ಕಿಯಾದ್ದರಿಂದ ಲೋಟಕ್ಕೆ ಎರಡು ಲೋಟ ನೀರು ಮೀರಬೇಡಿ. ನೀರು ಕುದಿಯುವಾಗ ಉಪ್ಪು, ಚಿಟಿಕೆ ಏಲಕ್ಕಿ, ಒಂದು ಹಿಡಿ ಕಾಯಿತುರಿ, ಒಂದು ಚಮಚ ತುಪ್ಪ ಹಾಕಿ, ತರಿ ಸುರಿದು ಗಂಟಾಗದಂತೆ ಕಲಸಿ, ಉರಿ ಇಳಿಸಿ ಮುಚ್ಚಿಡಿ. ಕೈಗೆ ತಾಳುವಷ್ಟು ಆರಿದ ಮೇಲೆ ಅಂಗೈಗೆ ನೀರು ಸವರಿಕೊಂಡು ನಿಂಬೆಹಣ್ಣಿಗಿಂತ ತುಸು ದೊಡ್ಡ ಉಂಡೆ. ಬಿರುಕು ಉಳಿಯದಂತೆ ಎರಡೂ ಅಂಗೈ ನಡುವೆ ಹಗುರಕ್ಕೆ ಉರುಳಿಸಬೇಕು. ಬಿರುಕು ಬಿಟ್ಟ ಉಂಡೆ ಹಬೆಯಲ್ಲಿ ಬಾಯಿ ಬಿಡುತ್ತದೆ. ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಹಬೆ ಕೊಟ್ಟರೆ ಮುಗಿಯಿತು. ಬಾಸ್ಮತಿ ನುಚ್ಚು ಮಾತ್ರ ತರಬೇಡಿ. ಆ ಪರಿಮಳಕ್ಕೂ ಪಂದಿ ಕರಿಗೂ ಆಗಿಬರುವುದಿಲ್ಲ.

ನೂಲ್‌ಪುಟ್ಟಿನ (ಅಕ್ಕಿ ಶಾವಿಗೆಯ) ಒರಳು ಒಯ್ಯಬೇಕೇ ಎಂದು ಕೇಳುವವರೂ ಇದ್ದಾರೆ. ಹಿತ್ತಾಳೆಯದು ತೂಕ. ಲಂಡನ್, ಟೊರಾಂಟೊ, ಮೆಲ್ಬೋರ್ನ್‌ನಲ್ಲಿ ಶ್ರೀಲಂಕಾದವರ ಅಂಗಡಿ ಇದ್ದೇ ಇರುತ್ತದೆ, ಅಲ್ಲಿ ತಯಾರಾದ ಇಡಿಯಪ್ಪ ಫ್ರೀಜರ್‌ನಲ್ಲಿ ಸಿಗುತ್ತದೆ. ಹಬೆಯಲ್ಲಿ ಐದು ನಿಮಿಷ ಇಟ್ಟು ಕೋಳಿ ಕರಿ ಜೊತೆ ಬಡಿಸಿದರೆ ಯಾರೂ ದೂರು ಹೇಳುವುದಿಲ್ಲ. ಸ್ಟೀಲ್ ಒರಳೂ ಅಲ್ಲೇ ಸಿಗುತ್ತದೆ.

ಮಾಂಸ: ಯಾವ ಅಂಗಡಿ, ಯಾವ ಭಾಗ

ಇಲ್ಲಿಂದ ಯಾವ ರೂಪದಲ್ಲೂ ಮಾಂಸ ಒಯ್ಯುವ ಯೋಚನೆ ಬೇಡ. ಒಣಗಿಸಿದ್ದು, ಉಪ್ಪಿನಕಾಯಿ ಮಾಡಿದ್ದು, ಡಬ್ಬಿಯಲ್ಲಿ ಮುಚ್ಚಿದ್ದು ಯಾವುದೂ ನಡೆಯುವುದಿಲ್ಲ. ಅಮೆರಿಕ, ಬ್ರಿಟನ್, ಯುರೋಪ್, ಆಸ್ಟ್ರೇಲಿಯಾ ಎಲ್ಲ ಕಡೆ ಭಾರತದಿಂದ ಬರುವ ಪ್ರಯಾಣಿಕರ ಹಂದಿ ಮಾಂಸಕ್ಕೆ ತಡೆ. ಪಂದಿ ಉಪ್ಪಿನಕಾಯಿಯ ಬಾಟಲಿ ಕಟ್ಟಿಕೊಡುವ ಅತ್ತೆಯಂದಿರಿಗೆ ಇದನ್ನು ಹೇಳಿ ಒಪ್ಪಿಸುವುದು ಕಷ್ಟ, ಆದರೂ ಹೇಳಿ.

ಅಲ್ಲಿನ ದೊಡ್ಡ ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ ಹಂದಿ ಮಾಂಸ ಚೊಕ್ಕಟ, ಆದರೆ ಚರ್ಮ ಸುಲಿದಿರುತ್ತದೆ, ಕೊಬ್ಬು ಕೆತ್ತಿ ತೆಗೆದಿರುತ್ತದೆ. ಅದರಲ್ಲಿ ಮಾಡಿದ ಕರಿ ಒಣ ಒಣ. ನಮ್ಮಲ್ಲಿ ಚರ್ಮ ಸುಟ್ಟು ಕೆರೆದು, ಚರ್ಮ, ಕೊಬ್ಬು, ಮಾಂಸ ಮೂರೂ ಒಂದೇ ತುಂಡಿನಲ್ಲಿ ಇರುವಂತೆ ಕೊಯ್ಯುವುದು. ಅಂಥದ್ದು ಬೇಕಿದ್ದರೆ ಚೀನಾ, ವಿಯೆಟ್ನಾಂ, ಕೊರಿಯಾ, ಫಿಲಿಪೀನ್ಸ್‌ನವರ ಮಾಂಸದಂಗಡಿಗೆ ಹೋಗಬೇಕು. ಚರ್ಮ ಸಹಿತ ಹೊಟ್ಟೆಯ ಭಾಗ ಕೇಳಿ. ಬರೀ ಹೊಟ್ಟೆಯದೇ ಹಾಕಿದರೆ ಎಣ್ಣೆಯಲ್ಲಿ ಮುಳುಗುತ್ತದೆ, ಹಾಗಾಗಿ ಎರಡು ಪಾಲು ಭುಜದ ಮಾಂಸ, ಒಂದು ಪಾಲು ಹೊಟ್ಟೆಯದು. ತುಂಡು ಬೆಂಕಿಪೆಟ್ಟಿಗೆಯ ಅರ್ಧದಷ್ಟಿರಲಿ ಎಂದು ಕೈಸನ್ನೆಯಲ್ಲಿ ತೋರಿಸಿದರೂ ಅವರಿಗೆ ಅರ್ಥವಾಗುತ್ತದೆ, ಅವರೂ ಹಾಗೆಯೇ ತಿನ್ನುವವರು.

ಗಲ್ಫ್‌ನಲ್ಲಿ ದೇಶಕ್ಕೊಂದು ನಿಯಮ. ದುಬೈಯಲ್ಲಿ ಕೆಲವು ಸೂಪರ್ ಮಾರ್ಕೆಟ್‌ಗಳಲ್ಲಿ ಮುಸ್ಲಿಮೇತರರಿಗೆಂದು ಬೇರೆ ಕೋಣೆ ಇದೆ, ಅಲ್ಲಿ ಸಿಗುತ್ತದೆ, ದುಬಾರಿ. ಕತಾರ್‌ನಲ್ಲಿ ಪರವಾನಗಿ ಇದ್ದವರಿಗೆ ಒಂದೇ ಸಂಸ್ಥೆಯ ಮಳಿಗೆಯಲ್ಲಿ. ಸೌದಿ, ಕುವೈತ್‌ನಲ್ಲಿ ನಿಷಿದ್ಧ. ಅಲ್ಲಿರುವವರು ಕೈಲ್ ಮುಹೂರ್ತಕ್ಕೆ ಕೋಳಿಯನ್ನೋ ಕುರಿಯನ್ನೋ ಅದೇ ಹುರಿದ ಮಸಾಲೆ, ಕಾಚಂಪುಳಿಯಲ್ಲಿ ಮಾಡುತ್ತಾರೆ. ಕುರಿ ತೊಡೆಯ ಮಾಂಸಕ್ಕಿಂತ ಪಕ್ಕೆಲುಬಿನ ಕಡೆಯದು ಈ ಹುಳಿಗೆ ಚೆನ್ನಾಗಿ ಹೊಂದುತ್ತದೆ. ಇನ್ನೊಂದು ಮಾತು: ಕೋಳಿ ಕರಿಗೆ ಅರೆಯುವ ಗಸಗಸೆಯನ್ನು ಗಲ್ಫ್‌ಗೆ ಹೊರಟವರ ಬ್ಯಾಗಿಗೆ ಒಂದು ಚಮಚವೂ ಹಾಕಬೇಡಿ. ಯುಎಇ, ಸೌದಿ, ಕತಾರ್‌ನಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಜೈಲಿನವರೆಗೆ ಹೋಗುವ ವಿಷಯ. ಬದಲಿಗೆ ಗೋಡಂಬಿ ಅರೆದು ಹಾಕಿ.

ಮಸಾಲೆ: ಇಡಿಯೋ, ಪುಡಿಯೋ

ಇಡೀ ಸಾಮಾನು ಕೊಟ್ಟು ಅಲ್ಲೇ ಹುರಿಯಲಿ ಎಂಬುದು ಶುದ್ಧವಾದಿಗಳ ವಾದ. ತಾತ್ವಿಕವಾಗಿ ಸರಿ. ಆದರೆ ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆ, ನಾಲ್ಕು ಕಾಳು ಮೆಂತ್ಯವನ್ನು ಕಾಫಿ ಬೀಜದ ಬಣ್ಣ ಬರುವಷ್ಟು ಹುರಿಯುವಾಗ ಏಳುವ ಹೊಗೆಗೆ ಅಪಾರ್ಟ್‌ಮೆಂಟಿನ ಅಲಾರಂ ಕಿರುಚುತ್ತದೆ. ಆದ್ದರಿಂದ ಇಲ್ಲೇ ಕಪ್ಪಗೆ ಹುರಿದು ಪುಡಿ ಮಾಡಿ, ಪೂರ್ತಿ ಆರಿದ ಮೇಲೆ ಗಾಳಿಯಾಡದಂತೆ ಕಟ್ಟಿ ಕಳಿಸುವುದೇ ನನ್ನ ಆಯ್ಕೆ. ಮೂರು ತಿಂಗಳಲ್ಲಿ ಬಳಸದಿದ್ದರೆ ಫ್ರೀಜರ್‌ನಲ್ಲಿಡಲಿ. ಪೊಟ್ಟಣದ ಮೇಲೆ ಒಳಗೇನಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಅಂಟಿಸಿ. ಹೆಸರಿಲ್ಲದ ಕಪ್ಪು ಪುಡಿ ಕಂಡರೆ ಯಾವ ದೇಶದ ಅಧಿಕಾರಿಗೂ ಅನುಮಾನವೇ.

ಕರಿಮೆಣಸು ಮಾತ್ರ ಇಡಿಯಾಗೇ ಹೋಗಲಿ, ಪುಡಿಯಾದ ದಿನದಿಂದ ಅದರ ಘಾಟು ಇಳಿಯುತ್ತದೆ. ನಮ್ಮಲ್ಲಿ ಕೊಯ್ಲು ಜನವರಿಯಿಂದ ಮಾರ್ಚ್, ಹಾಗಾಗಿ ಬೇಸಿಗೆ ರಜೆಗೆ ಬಂದವರಿಗೆ ಹೊಸ ಮೆಣಸು ಕೊಡಬಹುದು. ಕಾಫಿ ಪುಡಿಗೆ ತೊಂದರೆಯಿಲ್ಲ, ಹುರಿದ ಕಾಫಿಯನ್ನು ಹೆಚ್ಚಿನ ಕಡೆ ಬಿಡುತ್ತಾರೆ. ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಮೇಲೆ ಉಡುಗೊರೆ ಕೊಡಲೂ ಒಂದು ಘನತೆ ಬಂದಿದೆ. ಜೇನು ಮಾತ್ರ ದೇಶ ನೋಡಿ ಕೊಡಿ, ನ್ಯೂಜಿಲೆಂಡ್‌ನವರು ಒಂದು ಹನಿಯನ್ನೂ ಒಳಗೆ ಬಿಡುವುದಿಲ್ಲ. ಹಸಿ ಕರಿಬೇವನ್ನು ಅಮೆರಿಕಕ್ಕೆ ಒಯ್ಯುವಂತಿಲ್ಲ, ನಿಂಬೆ ಕುಲದ ಗಿಡ ಅದು, ಅಲ್ಲಿನ ಕಿತ್ತಳೆ ತೋಟಗಳ ರೋಗದ ಭಯ. ಒಣ ಕೊಬ್ಬರಿ ಗಿಟುಕು ಬೆಂಗಳೂರು ವಿಮಾನ ನಿಲ್ದಾಣದಲ್ಲೇ ನಿಲ್ಲುತ್ತದೆ. ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತು ಎಂದು ವಿಮಾನದಲ್ಲಿ ಅದಕ್ಕೆ ತಡೆ.

ಬ್ಯಾಗೋ, ಕೊರಿಯರ್ರೋ

ಬರುವವರ ಬ್ಯಾಗಿಗೆ ಸಾಟಿಯಿಲ್ಲ. ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ, ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ ಕೇಳುತ್ತಾರೆ. 40, 30, 30 ಸೆಂಟಿಮೀಟರ್‌ನ ಡಬ್ಬಿಗೆ 7.2 ಕಿಲೋ ಲೆಕ್ಕ, ಒಳಗೆ ಇರುವುದು ಮೂರು ಕಿಲೋ ಆದರೂ. ಚಿಕ್ಕ ಡಬ್ಬಿಗೆ ಒತ್ತಿ ತುಂಬಿ. ಅಮೆರಿಕಕ್ಕೆ ಕಳಿಸುವವರು 2025ರ ಆಗಸ್ಟ್‌ನಿಂದ 800 ಡಾಲರ್ ಒಳಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿ ಹೋಗಿದೆ ಎಂಬುದನ್ನು ನೆನಪಿಡಬೇಕು. ಆ ಗೊಂದಲದಲ್ಲಿ ಭಾರತೀಯ ಅಂಚೆಯೂ ಅಲ್ಲಿಗೆ ಪಾರ್ಸೆಲ್ ನಿಲ್ಲಿಸಿ ಅಕ್ಟೋಬರ್‌ನಲ್ಲಿ ಮತ್ತೆ ಶುರು ಮಾಡಿತು. ಹಬ್ಬಕ್ಕೆ ಒಂದು ತಿಂಗಳು ಮುಂಚೆಯೇ ಕಳಿಸಿ, ದ್ರವವನ್ನು ಕೊರಿಯರ್‌ಗೆ ಕೊಡಬೇಡಿ.

ಹಬ್ಬ ಹಬ್ಬಕ್ಕೆ ಬೇರೆ ಲೆಕ್ಕ

ಕಕ್ಕಡ ಪದಿನೆಟ್ಟಿನ ಮದ್ದು ಪಾಯಸವನ್ನು ಹೊರದೇಶದಲ್ಲಿ ಮಾಡುವುದು ಬಿಟ್ಟುಬಿಡಿ ಎನ್ನುತ್ತೇನೆ. ಮದ್ದು ಸೊಪ್ಪಿಗೆ ಆ ದಿನದ ಹೊತ್ತಿಗೇ ಪರಿಮಳ ಏರುವುದು, ಹಸಿ ಸೊಪ್ಪು ಗಡಿ ದಾಟುವುದಿಲ್ಲ, ಅದಕ್ಕೆ ಬದಲಿಯೂ ಇಲ್ಲ. ನೇರಳೆ ಬಣ್ಣಕ್ಕಾಗಿ ಶಂಖಪುಷ್ಪ ಹಾಕಿ ಪಾಯಸ ಮಾಡಿ ಫೋಟೊ ಕಳಿಸುವವರನ್ನು ಕಂಡಿದ್ದೇನೆ. ಫೋಟೊ ಚೆನ್ನಾಗಿರುತ್ತದೆ. ಆದರೆ ಮರುದಿನ ಬೆಳಿಗ್ಗೆ ಮೂತ್ರ ಕೆಂಪಾಗದಿದ್ದರೆ ಅದು ಮದ್ದು ಪಾಯಸವೇ ಅಲ್ಲ ಎಂದು ನಮ್ಮ ಹಿರಿಯರು ನಗುತ್ತಾರೆ.

ಕೈಲ್ ಮುಹೂರ್ತದ ಪೂಜೆಗೆ ಕೋವಿ ಇಲ್ಲವಲ್ಲ ಎಂಬ ಚಿಂತೆ ಬೇಡ. ನಾಟಿ ಮುಗಿದ ಮೇಲೆ ಆಯುಧದ ಜೊತೆ ನೇಗಿಲು, ಗುದ್ದಲಿಗಳಿಗೂ ಪೂಜೆ ಮಾಡುವ ಹಬ್ಬ ಇದು. ತೋಟದ ಕತ್ತರಿ, ಅಡುಗೆಮನೆಯ ಚಾಕು ಇಡಿ. ಮಗ ಆಡುವ ಹಾಕಿ ಸ್ಟಿಕ್ ಇಡುವ ಮನೆಗಳೂ ಇವೆ, ಕೊಡಗಿನ ಮಟ್ಟಿಗೆ ಅದು ಪೂರ್ತಿ ನ್ಯಾಯ. ಕೋವಿಗೆ ಸಿಕ್ಕಿಸುವ ತೋಕ್ ಪೂ ಯುರೋಪಿನ ಹೂವಿನಂಗಡಿಗಳಲ್ಲಿ ಗ್ಲೋರಿಯೋಸಾ ಎಂಬ ಹೆಸರಿನಲ್ಲಿ ಕಟ್ಟಿಗೆ ಇಷ್ಟೆಂದು ಸಿಗುತ್ತದೆ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಅದು ಕಳೆ, ನಮ್ಮವರು ಹುಡುಕಿಕೊಂಡು ಹೋಗುವುದನ್ನು ನೋಡಿದರೆ ಅಲ್ಲಿಯವರಿಗೆ ಆಶ್ಚರ್ಯವಾದೀತು. ಗೆಡ್ಡೆಯಿಂದ ಹೂವಿನವರೆಗೆ ವಿಷ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಕಣಿಲೆ (ಎಳೆ ಬಿದಿರು) ಪಲ್ಯ ಬೇಕೆನ್ನುವವರು ಡಬ್ಬಿಯ ಕಣಿಲೆ ತರಬಹುದು. ಅದು ಮೊದಲೇ ಬೆಂದದ್ದು, ನಾಲ್ಕು ಸಲ ತೊಳೆದು ಅರ್ಧ ಗಂಟೆ ನೀರಿನಲ್ಲಿಟ್ಟರೆ ಡಬ್ಬಿಯ ವಾಸನೆ ಹೋಗುತ್ತದೆ. ಏಷ್ಯಾ ಅಂಗಡಿಯಲ್ಲಿ ಹಸಿಯದು ಸಿಕ್ಕಿತೆಂದು ನೇರವಾಗಿ ಬಾಣಲೆಗೆ ಹಾಕಬಾರದು. ಸಣ್ಣಗೆ ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ಬೇಯಿಸಿ ನೀರು ಬಸಿಯುವುದು ಬರೀ ಶಾಸ್ತ್ರವಲ್ಲ, ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ.

ಕಾವೇರಿ ಸಂಕ್ರಮಣ ಸಸ್ಯಾಹಾರದ ಹಬ್ಬ, ಖರ್ಚೂ ಕಡಿಮೆ: ಕೆಂಪು ವಸ್ತ್ರ ಸುತ್ತಿದ ತೆಂಗಿನಕಾಯಿ ಅಥವಾ ಸೌತೆಕಾಯಿಗೆ ಒಡವೆ ಇಟ್ಟು ಕನ್ನಿ ಪೂಜೆ, ದೋಸೆ, ಕುಂಬಳ ಕರಿ. ಅಮೆರಿಕದಲ್ಲಿ ಅಕ್ಟೋಬರ್ ಪೂರ್ತಿ ಅಂಗಡಿ ಮುಂದೆ ಕುಂಬಳ ರಾಶಿ ಬಿದ್ದಿರುತ್ತದೆ, ಹ್ಯಾಲೋವೀನ್‌ಗೆ. ಅದನ್ನು ನೋಡಿ ಮರುಳಾಗಬೇಡಿ. ಮುಖ ಕೆತ್ತಲೆಂದು ಬೆಳೆಸಿದ ಆ ದೊಡ್ಡ ಕುಂಬಳ ನೀರು, ನಾರು. ಹಸಿರು ಸಿಪ್ಪೆಯ ಜಪಾನಿ ಕಬೋಚಾ ನಮ್ಮ ಹಳೆ ಕುಂಬಳದ ರುಚಿಗೆ ಹತ್ತಿರ. ಬಟರ್‌ನಟ್ ಎರಡನೆಯ ಆಯ್ಕೆ, ಅದು ಹಾಕಿದರೆ ಬೆಲ್ಲ ಅರ್ಧ ಮಾಡಿ.

ಹುತ್ತರಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ, ಏಕೆಂದರೆ ಅಲ್ಲಿ ಕದಿರು ಬೇಕು. ಒಣಗಿದ ಕದಿರನ್ನು ಬ್ಯಾಗಿನಲ್ಲಿ ಒಯ್ಯುವುದು ಅಕ್ಕಿಗಿಂತ ದೊಡ್ಡ ಅಪರಾಧ, ಬೀಜ ಸಹಿತ ಗಿಡವಲ್ಲವೇ. ಮೂರು ದಾರಿಗಳಿವೆ. ಒಂದು, ಕರಕುಶಲ ಸಾಮಾನಿನ ಅಂಗಡಿಯ ಗೋಧಿ ತೆನೆ. ಎರಡು, ಕದಿರಿಲ್ಲದೆ ದೀಪ ಹಚ್ಚಿ ಮನೆಮಂದಿ ಸೇರಿ "ಪೊಲಿ ಪೊಲಿ ದೇವಾ" ಕೂಗಿ ಊಟ ಮಾಡುವುದು. ಮೂರು, ಬಕೆಟ್ಟಿನಲ್ಲಿ ಭತ್ತ ಬೆಳೆಯುವುದು. ಅಮೆರಿಕ, ಯುರೋಪಿನವರಿಗೆ ಮೂರನೆಯದು ಸಾಧ್ಯ: ಅಲ್ಲೇ ಸಿಗುವ ಬಿತ್ತನೆ ಭತ್ತ ತಂದು ಮೇ ತಿಂಗಳಲ್ಲಿ ಮೊಳಕೆ ಬರಿಸಿ, ಬಿಸಿಲು ಬೀಳುವ ಕಡೆ ಬಕೆಟ್ಟಿನಲ್ಲಿ ನೀರು ನಿಲ್ಲಿಸಿ ಬೆಳೆಸಿ, ಹಿಮ ಬೀಳುವ ಮೊದಲೇ ಕೊಯ್ದು ಒಣಗಿಸಿಟ್ಟು ಹಬ್ಬಕ್ಕೆ ತೆಗೆಯಬಹುದು. ಆಸ್ಟ್ರೇಲಿಯಾದಲ್ಲಿ ಹುತ್ತರಿ ಹೊತ್ತಿಗೆ ಬೇಸಿಗೆ ಶುರು, ತೆನೆ ಬಂದಿರುವುದಿಲ್ಲ, ಹಿಂದಿನ ಕೊಯ್ಲಿನದನ್ನೇ ಇಟ್ಟುಕೊಳ್ಳಬೇಕು. ಗೋಧಿ ತೆನೆಯನ್ನು ಕಂಡು ಮೂಗು ಮುರಿಯುವವರಿಗೆ ಒಂದು ಮಾತು: ಕೊಡಗಿನೊಳಗೇ ಗದ್ದೆ ಮಾರಿದವರು, ಪೇಟೆಯಲ್ಲಿರುವವರು ಬೇರೆಯವರ ಗದ್ದೆಯ ಕದಿರು ತರುತ್ತಾರೆ. ಗದ್ದೆ ಪಾಳು ಬಿಟ್ಟು ಕಾಫಿ, ಶುಂಠಿಗೆ ಹೋದ ನಾವು ಹೊರದೇಶದವರಿಗೆ ಪಾಠ ಹೇಳುವ ಸ್ಥಿತಿಯಲ್ಲಿಲ್ಲ.

ಹೊಸ ಅಕ್ಕಿ ಪಾಯಸಕ್ಕೆ ಅಮೆರಿಕದವರ ಅದೃಷ್ಟ ಚೆನ್ನಾಗಿದೆ. ಕ್ಯಾಲಿಫೋರ್ನಿಯಾದ ಭತ್ತದ ಕೊಯ್ಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದಾದ ಮೇಲೆ ಜಪಾನಿ ಅಂಗಡಿಗಳಲ್ಲಿ ಹೊಸ ಬೆಳೆ ಎಂದು ಚೀಟಿ ಅಂಟಿಸಿದ ಅಕ್ಕಿ ಚೀಲ ಬರುತ್ತದೆ. ಗುಂಡು ಅಕ್ಕಿ, ಅಂಟು ಜಾಸ್ತಿ, ತರಿಗೆ ಆಗದು, ಪಾಯಸಕ್ಕೆ ಬಹಳ ಚೆನ್ನ. ಹುತ್ತರಿ ಗೆಣಸಿನ ಬದಲಿಗೆ ಫಿಲಿಪೀನ್ಸ್ ಅಂಗಡಿಯ ಫ್ರೀಜರ್‌ನಲ್ಲಿ ನೇರಳೆ ಬಣ್ಣದ ಊಬೆ ಗೆಣಸು ಸಿಗುತ್ತದೆ, ತುರಿದದ್ದು ಬೇಡ, ತುಂಡು ಮಾಡಿದ್ದು ತನ್ನಿ, ಬೇಯಿಸಿ ಜೇನಿನ ಜೊತೆ ಇಡಿ.

ತಂಬಿಟ್ಟಿಗೆ ಕುಚ್ಚಲಕ್ಕಿಯನ್ನು ದಪ್ಪ ತಳದ ಬಾಣಲೆಯಲ್ಲಿ ಕಂದು ಬಣ್ಣಕ್ಕೆ ಹುರಿದು ಏಲಕ್ಕಿ ಸೇರಿಸಿ ಪುಡಿ ಮಾಡುವುದು ಅಲ್ಲಿಯೇ ಸುಲಭ, ಅರ್ಧ ಗಂಟೆಯ ಕೆಲಸ. ತೊಡಕು ಆ ಪುಡಿಯನ್ನು ಕಲಸುವ ಬಾಳೆಹಣ್ಣಿನದು. ಸೂಪರ್ ಮಾರ್ಕೆಟ್ಟಿನ ಉದ್ದ ಬಾಳೆ ನೀರು ನೀರು, ಸಿಪ್ಪೆ ಕಪ್ಪು ಚುಕ್ಕೆಯಾಗುವವರೆಗೆ ಕಾದರೂ ತಂಬಿಟ್ಟು ಮೆತ್ತಗಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಲೇಡಿ ಫಿಂಗರ್ ಎಂಬ ಸಣ್ಣ ಬಾಳೆ ಸಿಗುತ್ತದೆ, ಅದು ನಮ್ಮದರಂತೆಯೇ. ಅಮೆರಿಕದಲ್ಲಿ ಮೆಕ್ಸಿಕೊದವರ ಅಂಗಡಿಯ ದೊಡ್ಡ ಬಾಳೆಯನ್ನು ಕಪ್ಪಗೆ ಹಣ್ಣಾಗಿಸಿ ಹಬೆಯಲ್ಲಿ ಬೇಯಿಸಿ ಹಿಸುಕಿದರೆ ಗಟ್ಟಿ ತಂಬಿಟ್ಟು ಬರುತ್ತದೆ. ಮೇಲೆ ತುಪ್ಪ, ಹುರಿದ ಎಳ್ಳು, ಕಾಯಿತುರಿ.

ದಿನ, ಹೊತ್ತು, ಜನ

ಹುತ್ತರಿಯ ದಿನ, ನೆರೆ (ಎಲೆಗಳ ಕಟ್ಟು) ಕಟ್ಟುವ ಹೊತ್ತು, ಕದಿರು ತೆಗೆಯುವ ಹೊತ್ತು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯವಾಗುತ್ತದೆ. ಇಲ್ಲಿ ರಾತ್ರಿ ಎಂಟಕ್ಕೆ ಕದಿರು ತೆಗೆಯುವುದಾದರೆ ದುಬೈಯಲ್ಲಿ ಸಂಜೆ ಆರೂವರೆ, ಲಂಡನ್‌ನಲ್ಲಿ ಮಧ್ಯಾಹ್ನ ಎರಡೂವರೆ, ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ ಒಂಬತ್ತೂವರೆ, ಮೆಲ್ಬೋರ್ನ್‌ನಲ್ಲಿ ನಡುರಾತ್ರಿ ಒಂದೂವರೆ. ಊರಿನ ಹೊತ್ತಿಗೆ ವಿಡಿಯೊ ಕಾಲ್‌ನಲ್ಲಿ ಸೇರುವುದು ದುಬೈ, ಲಂಡನ್‌ನವರಿಗೆ ಸರಿ. ಮೆಲ್ಬೋರ್ನ್‌ನವರು ಮಕ್ಕಳನ್ನು ಎಬ್ಬಿಸುವ ಬದಲು ತಮ್ಮೂರಿನ ಹುಣ್ಣಿಮೆ ಚಂದ್ರ ಮೇಲೆ ಬಂದಾಗ ಮಾಡಲಿ, ನಾವು ಇಲ್ಲಿ ಮಧ್ಯಾಹ್ನ ಫೋನ್ ಹಿಡಿದು ಕೂರುತ್ತೇವೆ.

ಅಲ್ಲಿನ ಕೊಡವ ಸಂಘದವರು ಮಾಡುವ ಹಬ್ಬ ಸಾಮಾನ್ಯವಾಗಿ ಹತ್ತಿರದ ಶನಿವಾರ, ಬಾಡಿಗೆ ಹಾಲ್‌ನಲ್ಲಿ. ವಾಲಗತಾಟ್ (ವಾಲಗಕ್ಕೆ ಕುಣಿತ), ಕೋಲಾಟ, ಮಕ್ಕಳಿಗೆ ಕುಪ್ಪಿಯ (ಕೊಡವರ ಉದ್ದ ನಿಲುವಂಗಿ) ಹಾಕಿಸುವ ಅವಕಾಶ ಅಲ್ಲೇ ಇರುವುದರಿಂದ ಹುತ್ತರಿಗೆ ಸಂಘ ಮೇಲು. ಅಲ್ಲಿಗೆ ಪೀಚೆ ಕತ್ತಿ (ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ) ಒಯ್ಯುವವರು ಆ ದೇಶದ ಕಾನೂನು ಮೊದಲು ಕೇಳಿಕೊಳ್ಳಿ, ವಿಮಾನದಲ್ಲಿ ಅದು ಚೆಕ್-ಇನ್ ಬ್ಯಾಗಿನಲ್ಲೇ ಹೋಗಬೇಕು. ಕೈಲ್ ಮುಹೂರ್ತಕ್ಕೆ ಮನೆಯೇ ಸಾಕು, ಅದು ಹೊಟ್ಟೆ ತುಂಬ ತಿನ್ನುವ ಹಬ್ಬ, ಭಾಷಣದ ಹಬ್ಬವಲ್ಲ.

ಸಂಘದ ಊಟಕ್ಕೆ ಪಂದಿ ಕರಿ ಒಪ್ಪಿಕೊಂಡವರು ಅದನ್ನು ಹಿಂದಿನ ದಿನವೇ ಮಾಡಿಡಲಿ, ಮರುದಿನಕ್ಕೆ ಹುಳಿ ಮಾಂಸದೊಳಗೆ ಇಳಿದು ರುಚಿ ಏರುತ್ತದೆ. ಕಡಂಬುಟ್ಟು ಮಾತ್ರ ಅಂದೇ ಬೆಳಿಗ್ಗೆ ಕಟ್ಟಿ, ಹಾಲ್‌ಗೆ ಹೋದ ಮೇಲೆ ಒದ್ದೆ ಬಟ್ಟೆ ಹೊದಿಸಿ ಮತ್ತೊಮ್ಮೆ ಹಬೆ ಕೊಡಿ. ಯಾರು ಯಾವುದನ್ನು ತರುವುದು ಎಂದು ಹಂಚುವಾಗ ಕಾಚಂಪುಳಿ ಇರುವ ಮನೆಗೇ ಪಂದಿ ಬರಲಿ, ಹೊಸದಾಗಿ ಬಂದ ಗಂಡ ಹೆಂಡತಿಗೆ ಕುಂಬಳ ಕರಿ ಕೊಡಿ, ಹಾಸ್ಟೆಲ್‌ನಲ್ಲಿರುವ ಹುಡುಗರಿಗೆ ಬಾಳೆಹಣ್ಣು, ಪೇಪರ್ ತಟ್ಟೆ ಸಾಕು.